ಬೇಸ್‌ಬಾಲ್ ಕಾರ್ಡುಗಳ ಸಂಗ್ರಹ: ಗ್ರಾಹಕನ ಆನಂದ ಮತ್ತು ತಯಾರಕನ ಲೆಕ್ಕಾಚಾರ

2022ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಸಂಸ್ಥೆಯು ನಡೆಸಿದ ಹರಾಜಿನಲ್ಲಿ ಅಂಗೈಯಗಲದ ಒಂದು ರಟ್ಟಿನ ಕಾರ್ಡು 1 ಕೋಟಿ 26 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ನ್ಯೂಯಾರ್ಕ್ ಯಾಂಕೀಸ್ ತಂಡದ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಅವರ ಚಿತ್ರವುಳ್ಳ ಈ ಕಾರ್ಡನ್ನು ಬ್ರೂಕ್ಲಿನ್‌ನ ಟಾಪ್ಸ್ ಕಂಪನಿಯು 1952ರಲ್ಲಿ ಬಬಲ್ ಗಮ್ಮಿನೊಂದಿಗೆ ಕೆಲವೇ ಸೆಂಟುಗಳಿಗೆ ಮಾರಿತ್ತು. ಇಂತಹ ವಾರ್ತೆಗಳನ್ನು ಓದಿದವರು ಕಾರ್ಡು ಸಂಗ್ರಹವೆಂದರೆ ಹಣ ಹೂಡುವ ಒಂದು ವಿಧಾನವೆಂದು ಭಾವಿಸುವುದು ಸಹಜ. ಆದರೆ ಸಂಗ್ರಹಕಾರರ ಪೈಕಿ ಬಹುಮಂದಿ ಅಂತಹ ಕಾರ್ಡನ್ನು ಕೈಯಲ್ಲಿ ಹಿಡಿದವರಲ್ಲ. ಲಾಭದ ನಿರೀಕ್ಷೆಯಿಲ್ಲದೆ ಜನರು ಈ ರಟ್ಟಿನ ಚೂರುಗಳನ್ನು ಏಕೆ ಕೂಡಿಟ್ಟರು, ಲಾಭವೇ ಮುಖ್ಯವಾದ ಮೇಲೆ ಆ ವ್ಯಾಪಾರ ಏಕೆ ಕುಸಿಯಿತು ಎಂಬುದು ಸರಕು ತಯಾರಿಸಿ ಮಾರುವವರಿಗೆಲ್ಲ ಆಸಕ್ತಿ ಹುಟ್ಟಿಸುವಂತಹ ವಿಷಯ.

ಮೊದಲಿಗೆ ಈ ಕಾರ್ಡು ಮಾರಾಟದ ಸರಕೇ ಆಗಿರಲಿಲ್ಲ. 1880ರ ದಶಕದಲ್ಲಿ ಸಿಗರೇಟಿನ ಮೆತ್ತನೆಯ ಪೊಟ್ಟಣಗಳು ನಜ್ಜುಗುಜ್ಜಾಗದಿರಲೆಂದು ತಯಾರಕರು ಒಳಗೆ ಒಂದು ಗಟ್ಟಿ ಕಾಗದವನ್ನು ಇಡುತ್ತಿದ್ದರು. ಆ ಕಾಗದದ ಮೇಲೆ ಆಟಗಾರರ, ನಟಿಯರ ಚಿತ್ರಗಳನ್ನು ಮುದ್ರಿಸಿದ್ದರಿಂದ ಅದೇ ಜಾಹೀರಾತೂ ಆಯಿತು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿಯು ಹೊರತಂದ ಸರಣಿಯಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಕಾರ್ಡುಗಳಿದ್ದವು. ಅವುಗಳಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಅವರ ಕಾರ್ಡಿನ ಮುದ್ರಣವನ್ನು ಬೇಗನೆ ನಿಲ್ಲಿಸಲಾಯಿತು. ಹೊಗೆಸೊಪ್ಪಿನ ಮಾರಾಟಕ್ಕೆ ತಮ್ಮ ಚಿತ್ರ ಬಳಕೆಯಾಗುವುದನ್ನು ಅವರು ಒಪ್ಪಲಿಲ್ಲವೆಂದು ಕೆಲವರೂ, ಸಂಭಾವನೆಯ ತಕರಾರೆಂದು ಕೆಲವರೂ ಹೇಳುತ್ತಾರೆ. ಕಾರಣವೇನೇ ಇರಲಿ, ಇಂದು ಉಳಿದಿರುವುದು ಕೆಲವು ಹತ್ತುಗಳಷ್ಟು ಪ್ರತಿಗಳು ಮಾತ್ರ.

ಕೊರತೆಯು ಬೇಡಿಕೆಯನ್ನು ಹೆಚ್ಚಿಸುತ್ತದೆಂಬುದು ವರ್ತಕರಿಗೆ ಹೊಸ ಮಾತಲ್ಲ. ಆದರೆ ಸಂಗ್ರಹಕಾರನನ್ನು ಕಾಡುವುದು ಬೇರೆ ಬಗೆಯ ಕೊರತೆ, ಅಂದರೆ ಅವನದೇ ಪೆಟ್ಟಿಗೆಯಲ್ಲಿ ಖಾಲಿ ಉಳಿದ ಒಂದು ಸಂಖ್ಯೆ. 1933ರಲ್ಲಿ ಬಾಸ್ಟನ್ನಿನ ಗೌಡಿ ಗಮ್ ಕಂಪನಿಯು 240 ಸಂಖ್ಯೆಗಳ ಸರಣಿಯೊಂದನ್ನು ಹೊರಡಿಸಿತು. ಬಾಲಕರು ಪೊಟ್ಟಣದ ಮೇಲೆ ಪೊಟ್ಟಣ ಕೊಂಡರೂ 106ನೆಯ ಕಾರ್ಡು ಯಾರಿಗೂ ದೊರೆಯಲಿಲ್ಲ. ಏಕೆಂದರೆ ಕಂಪನಿಯು ಅದನ್ನು ಮುದ್ರಿಸಿರಲೇ ಇಲ್ಲ. ದೂರಿ ಪತ್ರ ಬರೆದವರಿಗಾಗಿ ಮರುವರ್ಷ ಆ ಸಂಖ್ಯೆಯ ಕಾರ್ಡನ್ನು ಮುದ್ರಿಸಿ ಅಂಚೆಯಲ್ಲಿ ಕಳುಹಿಸಲಾಯಿತು. ಅದರಲ್ಲಿದ್ದವರು 1916ರಲ್ಲಿಯೇ ಪ್ರಮುಖ ಲೀಗುಗಳ ಆಟ ಮುಗಿಸಿದ್ದ ನೆಪೋಲಿಯನ್ ಲಾಜೊಯ್! ಗಮ್ಮಿನ ಮಾರಾಟ ನಿಲ್ಲದಿರಲೆಂದು ಕಂಪನಿಯು ಬೇಕೆಂದೇ ಹೀಗೆ ಮಾಡಿತೆಂದು ಸಂಗ್ರಹಕಾರರು ಇಂದಿಗೂ ನಂಬುತ್ತಾರೆ. ಪ್ರಾಮಾಣಿಕ ವ್ಯಾಪಾರದ ಮಾದರಿಯೆಂದು ಇದನ್ನು ಹೇಳಲಾಗದು. ಆದರೂ ಪೂರ್ಣಗೊಳಿಸಬೇಕೆಂಬ ಹಂಬಲ ಎಷ್ಟು ಪ್ರಬಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಬೇಸ್‌ಬಾಲ್ ಆಟದ ಸ್ವಭಾವವೂ ಈ ಹವ್ಯಾಸಕ್ಕೆ ಅನುಕೂಲವಾಯಿತು. ನಮ್ಮ ಕ್ರಿಕೆಟ್ಟಿನಂತೆಯೇ ಅದರಲ್ಲಿ ಪ್ರತಿಯೊಂದು ಹೊಡೆತ, ಪ್ರತಿಯೊಂದು ಎಸೆತವೂ ಲೆಕ್ಕಕ್ಕೆ ಸಿಗುತ್ತದೆ. ವಸಂತದಿಂದ ಶರತ್ಕಾಲದವರೆಗೆ ಪ್ರತಿ ತಂಡವು ಈಗ 162 ಪಂದ್ಯಗಳನ್ನು ಆಡುತ್ತದೆ. 1952ರ ಟಾಪ್ಸ್ ಕಾರ್ಡುಗಳನ್ನು ರೂಪಿಸಿದ ಸೈ ಬರ್ಗರ್ ಅವರು ಮುಂಬದಿಯಲ್ಲಿ ಬಣ್ಣದ ಚಿತ್ರವನ್ನೂ, ಹಿಂಬದಿಯಲ್ಲಿ ಆಟಗಾರನ ಹಿಂದಿನ ವರ್ಷದ ಹಾಗೂ ಒಟ್ಟು ಸಾಧನೆಯ ಅಂಕಿಗಳನ್ನೂ ಕೊಟ್ಟರು. ದೂರದರ್ಶನವು ಎಲ್ಲ ಮನೆಗಳನ್ನು ತಲುಪದಿದ್ದ ಕಾಲದಲ್ಲಿ ಬೇರೆ ಊರಿನ ಆಟಗಾರನ ಮುಖ ಬಾಲಕನಿಗೆ ಕಾಣಿಸುತ್ತಿದ್ದುದು ಈ ಕಾರ್ಡಿನಲ್ಲಿಯೇ. ಮುಚ್ಚಿದ ಪೊಟ್ಟಣದೊಳಗೆ ಯಾರು ಬಂದಾರೆಂಬ ಕುತೂಹಲ ಒಂದೆಡೆಯಾದರೆ, ಎರಡೆರಡು ಬಂದವನ್ನು ಗೆಳೆಯರೊಡನೆ ಬದಲಾಯಿಸಿಕೊಳ್ಳುವ ಸಂತೋಷ ಇನ್ನೊಂದೆಡೆ. ತನಗೆ ಹೆಚ್ಚಾದದ್ದು ಮತ್ತೊಬ್ಬನಿಗೆ ಅಗತ್ಯವಾದದ್ದೆಂದು ಕಂಡುಕೊಂಡು ಚೌಕಾಸಿ ಮಾಡುವ ವಿದ್ಯೆಯನ್ನು ಅಮೆರಿಕದ ಬಾಲಕರು ಶಾಲೆಯ ಅಂಗಳದಲ್ಲಿ, ಒಂದು ಸೆಂಟು ಕೈಬದಲಾಗದೆಯೇ ಕಲಿತರು.

ಹಣದ ಮಾತೇ ಇಲ್ಲದ ಸಂಗ್ರಹಕ್ಕೆ ಸಿರಕ್ಯೂಸ್ ನಗರದ ಜೆಫರ್ಸನ್ ಬರ್ಡಿಕ್ ಅವರು ಉತ್ತಮ ನಿದರ್ಶನ. ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ, ಸಂಧಿವಾತದಿಂದ ಬಳಲುತ್ತಿದ್ದ ಈ ವ್ಯಕ್ತಿ 3 ಲಕ್ಷಕ್ಕೂ ಹೆಚ್ಚು ಮುದ್ರಿತ ಕಾರ್ಡು, ಚೀಟಿಗಳನ್ನು ಕೂಡಿಸಿದರು. ಅವುಗಳಿಗೆಲ್ಲ ಅಕ್ಷರ ಮತ್ತು ಸಂಖ್ಯೆಗಳ ಗುರುತು ಕೊಟ್ಟು ಕ್ರಮಬದ್ಧ ಪಟ್ಟಿಯೊಂದನ್ನು ಪ್ರಕಟಿಸಿದರು. ವ್ಯಾಗ್ನರ್ ಅವರ ಕಾರ್ಡಿರುವ ಸರಣಿಯನ್ನು ಇಂದಿಗೂ ‘ಟಿ-206’ ಎಂದು ಕರೆಯುವುದು ಅವರ ಪಟ್ಟಿಯ ಪ್ರಕಾರವೇ. ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನವಾಗಿತ್ತ ಅವರು, ವರ್ಷಗಟ್ಟಲೆ ಅಲ್ಲಿ ಕುಳಿತು ತಮ್ಮ ಕೈಯಾರೆ ಆಲ್ಬಮ್ಮುಗಳಿಗೆ ಅಂಟಿಸಿ, 1963ರ ಜನವರಿಯಲ್ಲಿ ಕೆಲಸ ಮುಗಿಸಿದರು. ಎರಡು ತಿಂಗಳಲ್ಲಿ ತೀರಿಕೊಂಡರು. ಹೀಗೆ ಅಂಟು ಹಚ್ಚಿದರೆ ಕಾರ್ಡಿನ ಬೆಲೆ ಬಿದ್ದುಹೋಗುತ್ತದೆಂದು ಇಂದಿನ ವ್ಯಾಪಾರಿ ಹೌಹಾರಬಹುದು. ಬರ್ಡಿಕ್ ಅವರಿಗೆ ಬೆಲೆಗಿಂತ ಕ್ರಮವೇ ಮುಖ್ಯವಾಗಿತ್ತು.

ಹಳೆಯ ಕಾರ್ಡುಗಳು ದುಬಾರಿಯಾದದ್ದು ಅವುಗಳನ್ನು ಯಾರೂ ಜೋಪಾನ ಮಾಡದ ಕಾರಣದಿಂದಲೇ. ಬಾಲಕರು ಅವನ್ನು ಸೈಕಲ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಸಿ ಸದ್ದು ಮಾಡಿಸಿದರು, ತಾಯಂದಿರು ಕಸಕ್ಕೆ ಹಾಕಿದರು. ಮ್ಯಾಂಟಲ್ ಕಾರ್ಡಿದ್ದ 1952ರ ಕೊನೆಯ ಕಂತು ಪಂದ್ಯಗಳ ಋತು ಮುಗಿಯುತ್ತಿರುವಾಗ ಅಂಗಡಿಗಳಿಗೆ ಬಂದುದರಿಂದ ಬಹುಪಾಲು ಮಾರಾಟವಾಗದೆ ಉಳಿಯಿತು. ಗೋದಾಮಿನಲ್ಲಿ ಜಾಗ ಬೇಕಾದಾಗ, 1960ರಲ್ಲಿ, ಆ ದಾಸ್ತಾನನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದೆನೆಂದು ಬರ್ಗರ್ ಅವರೇ ಹೇಳಿಕೊಂಡಿದ್ದಾರೆ.

1950ರ ದಶಕದ ಬಾಲಕರು ದುಡಿಯುವ ಗಂಡಸರಾದಾಗ ಕಳೆದುಹೋದ ಕಾರ್ಡುಗಳನ್ನು ಹುಡುಕಿ ಕೊಳ್ಳತೊಡಗಿದರು. ಅವರು ಕೊಂಡದ್ದು ತಮ್ಮ ಬಾಲ್ಯವನ್ನು, ತಂದೆಯೊಡನೆ ನೋಡಿದ ಪಂದ್ಯವನ್ನು. ಆದರೆ 1979ರಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಬೆಕೆಟ್ ಅವರ ಬೆಲೆ ಕೈಪಿಡಿಯೂ, 1984ರಲ್ಲಿ ಅವರ ಮಾಸಪತ್ರಿಕೆಯೂ ಬಂದ ಮೇಲೆ ನೆನಪಿನ ಪಕ್ಕದಲ್ಲಿ ದರದ ಪಟ್ಟಿ ಬಂದು ಕುಳಿತಿತು. ಬಹುಕಾಲ ಹೆಚ್ಚುಕಡಿಮೆ ಏಕಸ್ವಾಮ್ಯ ಹೊಂದಿದ್ದ ಟಾಪ್ಸ್‌ಗೆ 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್ ಕಂಪನಿಗಳು, 1989ರಲ್ಲಿ ಅಪ್ಪರ್ ಡೆಕ್ ಕಂಪನಿ ಎದುರು ನಿಂತವು. ಮಕ್ಕಳ ಕಾಲೇಜು ಖರ್ಚಿಗಾಗುತ್ತದೆಂದು ತಂದೆತಾಯಿಗಳು ಪೆಟ್ಟಿಗೆಗಟ್ಟಲೆ ಕೊಂಡು, ಸೀಲು ಒಡೆಯದೆ ಅಟ್ಟದ ಮೇಲಿಟ್ಟರು. ಬೇಡಿಕೆ ಕಂಡ ತಯಾರಕರು ಎಷ್ಟು ಮುದ್ರಿಸಿದೆವೆಂಬುದನ್ನು ಬಹಿರಂಗಪಡಿಸದೆ ಮುದ್ರಿಸುತ್ತಲೇ ಹೋದರು. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪವಾಗುವುದಾದರೂ ಹೇಗೆ? 1990ರ ದಶಕದ ಆರಂಭದಲ್ಲಿ ಬೆಲೆಗಳು ಜಾರಿದವು. 1994ರ ಆಟಗಾರರ ಮುಷ್ಕರವು ಜನರ ಉತ್ಸಾಹವನ್ನೂ ತಗ್ಗಿಸಿತು. ದಾಸ್ತಾನಿನಲ್ಲಿ ಬಂಡವಾಳ ಸಿಲುಕಿಸಿಕೊಂಡಿದ್ದ ಅನೇಕ ಸಣ್ಣ ಅಂಗಡಿಗಳು ಬಾಗಿಲು ಹಾಕಿದವು. ಆ ವರ್ಷಗಳ ಸೀಲು ಮಾಡಿದ ಪೆಟ್ಟಿಗೆಗಳಲ್ಲಿ ಹಲವು ಇಂದಿಗೂ ಅಸಲು ಬೆಲೆಗೆ ಮೇಲಾಗಿ ಏನನ್ನೂ ತಾರವು.

ಅನಂತರ ತಯಾರಕರು ಹಸ್ತಾಕ್ಷರವುಳ್ಳ, ಕ್ರಮಸಂಖ್ಯೆ ಹಾಕಿದ, ಆಟಗಾರ ತೊಟ್ಟ ಅಂಗಿಯ ತುಂಡನ್ನು ಅಂಟಿಸಿದ ಕಾರ್ಡುಗಳನ್ನು ತಂದು ಕೊರತೆಯನ್ನು ತಾವೇ ಸೃಷ್ಟಿಸಿದರು. ಕಾರ್ಡಿನ ಸ್ಥಿತಿಯನ್ನು ಪರೀಕ್ಷಿಸಿ 1ರಿಂದ 10ರವರೆಗೆ ದರ್ಜೆ ಕೊಡುವ ಪಿ.ಎಸ್.ಎ. ಸಂಸ್ಥೆ 1991ರಲ್ಲಿ ಆರಂಭವಾಯಿತು. ಅದು ಮೊತ್ತಮೊದಲು ದರ್ಜೆ ನೀಡಿದ್ದು ಒಂದು ವ್ಯಾಗ್ನರ್ ಕಾರ್ಡಿಗೆ. ಕೊಟ್ಟ ದರ್ಜೆ 8. ಆ ಕಾರ್ಡಿನ ಅಂಚುಗಳನ್ನು ತಾನೇ ಕತ್ತರಿಸಿ ನೇರಮಾಡಿದ್ದಾಗಿ ಹರಾಜುದಾರ ಬಿಲ್ ಮಾಸ್ಟ್ರೋ 2013ರಲ್ಲಿ ಒಪ್ಪಿಕೊಂಡರು.

2020ರ ಕೋವಿಡ್ ಕಾಲದಲ್ಲಿ ಮನೆಯಲ್ಲಿ ಕುಳಿತವರು ಹಳೆಯ ಪೆಟ್ಟಿಗೆಗಳನ್ನು ತೆರೆದಾಗ ವ್ಯಾಪಾರ ಮತ್ತೆ ಗರಿಗೆದರಿತು. 2021ರ ಮೇ ತಿಂಗಳಲ್ಲಿ ಕಾರ್ಡುಗಳಿಗಾಗಿ ಹೊಡೆದಾಟವಾದ ನಂತರ ಟಾರ್ಗೆಟ್ ಮಳಿಗೆಗಳು ಕೆಲಕಾಲ ಅವುಗಳ ಮಾರಾಟವನ್ನೇ ನಿಲ್ಲಿಸಬೇಕಾಯಿತು. 2022ರ ಜನವರಿಯಲ್ಲಿ ಟಾಪ್ಸ್‌ನ ಕಾರ್ಡು ವ್ಯವಹಾರವು ಫ್ಯಾನಟಿಕ್ಸ್ ಕಂಪನಿಯ ಪಾಲಾಯಿತು.

ಇಷ್ಟೆಲ್ಲ ಏರಿಳಿತಗಳ ನಡುವೆಯೂ ಅಮೆರಿಕದ ಊರುಗಳಲ್ಲಿ ವಾರಾಂತ್ಯದ ಕಾರ್ಡು ಸಂತೆಗಳು ನಡೆಯುತ್ತಿವೆ. ದರ್ಜೆ ಪಡೆದ ಕಾರ್ಡುಗಳು ಗಾಜಿನ ಪೆಟ್ಟಿಗೆಯಲ್ಲಿದ್ದರೆ, ಸಾಮಾನ್ಯ ಆಟಗಾರರವು ಮೇಜಿನ ಮೇಲಿನ ಉದ್ದನೆಯ ರಟ್ಟಿನ ಪೆಟ್ಟಿಗೆಗಳಲ್ಲಿ ಸಂಖ್ಯಾನುಕ್ರಮವಾಗಿ ನಿಂತಿರುತ್ತವೆ. ಅವುಗಳ ಬೆಲೆ ಕೆಲವು ಸೆಂಟುಗಳಿಂದ ಒಂದೆರಡು ಡಾಲರುಗಳವರೆಗೆ. ಅಲ್ಲಿಗೆ ಬರುವ ಗಿರಾಕಿಯ ಕೈಯಲ್ಲಿ ಬೆಲೆಯ ಕೈಪಿಡಿ ಇರುವುದಿಲ್ಲ. ತನ್ನಲ್ಲಿ ಇನ್ನೂ ಇಲ್ಲದ ಸಂಖ್ಯೆಗಳನ್ನು ಬರೆದುಕೊಂಡ ಒಂದು ಚೀಟಿ ಇರುತ್ತದೆ.