ಗಡಿಯಾರದ ತಪ್ಪೇ ಸುಳಿವು

ಮಕ್ಕಳೇ, ಕಂಪ್ಯೂಟರ್ ಆಫ್ ಮಾಡಿದರೂ ಅದರೊಳಗಿನ ಗಡಿಯಾರ ನಡೆಯುತ್ತಲೇ ಇರುತ್ತದೆ. ಹೇಗೆ ಗೊತ್ತೇ? ನಾಣ್ಯದಂಥ ಪುಟ್ಟ ಬ್ಯಾಟರಿಯ ಬಲದಿಂದ ಕ್ವಾರ್ಟ್ಸ್ ಹರಳೊಂದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಕಂಪನಗಳನ್ನು ಎಣಿಸಿ ಸಮಯ ತಿಳಿಯಲಾಗುತ್ತದೆ.

ಸಮಯ ತಪ್ಪಿದೆಯೇ? ಎಷ್ಟು ತಪ್ಪಿದೆ ಎಂದು ಮೊದಲು ನೋಡಿ. ಪ್ರತಿ ಸಲ ಆನ್ ಮಾಡಿದಾಗಲೂ ಹಳೆಯ ವರ್ಷವೇ ಕಂಡರೆ ಬ್ಯಾಟರಿ ಮುಗಿದಿರಬಹುದು. ದೊಡ್ಡವರಿಗೆ ಹೇಳಿ ಹೊಸದನ್ನು ಹಾಕಿಸಿ. ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಗ್ರೀನ್‌ವಿಚ್‌ನ ಕಾಲವಲಯ ಇರಬಹುದು. ಅದನ್ನು ಭಾರತಕ್ಕೆ ಬದಲಾಯಿಸಿ. ಕೆಲವೇ ಸೆಕೆಂಡು ತಪ್ಪಿದ್ದರೆ? ಉಷ್ಣತೆ ಬದಲಾದಾಗ ಹರಳಿನ ಕಂಪನವೂ ತುಸು ಬದಲಾಗುತ್ತದೆ. ಅಂತರಜಾಲದಿಂದ ಸಮಯ ಪಡೆಯುವ ಸೌಲಭ್ಯವನ್ನು ಆನ್ ಮಾಡಿ.

ದಿನಾಂಕ ತಪ್ಪಿದ್ದರೆ ಅನೇಕ ಜಾಲತಾಣಗಳು ತೆರೆಯುವುದಿಲ್ಲ. ಏಕೆಂದರೆ ಅವುಗಳ ಗುರುತುಪತ್ರದ ಅವಧಿ ಮುಗಿದಿದೆಯೇ ಎಂದು ಕಂಪ್ಯೂಟರ್ ನೋಡುವುದು ತನ್ನದೇ ಗಡಿಯಾರವನ್ನು!