ನಳದ ನೀರಿಗೂ ಗೋಡೆಯ ಬಟನ್ನಿಗೂ ಇರುವ ನಂಟು

"ವೈನೀ, ಕರೆಂಟ್ ಬಂತ್ರೀ, ಇನ್ನ ನಳಾ ಬಿಡ್ತಾರ ನೋಡ್ರಿ!"

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಓಣಿಯಲ್ಲಾದರೂ ಈ ಎರಡು ಸುದ್ದಿ ಜೋಡಿಯಾಗಿಯೇ ಬರುತ್ತವೆ. ಕರೆಂಟು ಹೋದರೆ ನೀರೂ ಹೋದ ಹಾಗೆಯೇ. ಮೇಲಿನ ಟಾಕಿಗೆ ನೀರೇರಿಸುವ ಮೋಟರು ನಿಂತ ಮೇಲೆ ನಳ ತಿರುವಿ ಫಲವೇನು? ಇದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ನೀರಿಲ್ಲದಿದ್ದರೆ ಕರೆಂಟೂ ಇಲ್ಲ ಎಂಬ ಇನ್ನರ್ಧ ಮಾತು ನಮ್ಮ ಲಕ್ಷ್ಯಕ್ಕೆ ಬರುವುದು ಕಡಿಮೆ. ಅದೂ ನಮ್ಮ ಜಿಲ್ಲೆಯಲ್ಲೇ, ಕಣ್ಣೆದುರಿಗೇ ನಡೆಯುತ್ತಿರುವಾಗ!

ಆಲಮಟ್ಟಿಗೆ ಹೋದವರು ಉದ್ಯಾನ ನೋಡಿ, ಕಾರಂಜಿ ನೋಡಿ, ರೊಟ್ಟಿ ಬುತ್ತಿ ಬಿಚ್ಚಿ ಉಂಡು ಬರುತ್ತೇವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆ ಅಣೆಕಟ್ಟಿನ ಬುಡದಲ್ಲಿ ಒಂದು ವಿದ್ಯುದಾಗಾರವಿದೆ. 55 ಮೆಗಾವ್ಯಾಟಿನ ಐದು ಯಂತ್ರಗಳು, 15 ಮೆಗಾವ್ಯಾಟಿನದು ಒಂದು, ಒಟ್ಟು 290 ಮೆಗಾವ್ಯಾಟ್. ಮೇಲಿನಿಂದ ಬಿದ್ದ ನೀರು ಚಕ್ರ ತಿರುಗಿಸುತ್ತದೆ, ಚಕ್ರ ಕರೆಂಟು ಹುಟ್ಟಿಸುತ್ತದೆ. ಜಲಾಶಯ ತುಂಬಿದಾಗ ನೀರು ಬೀಳುವ ಎತ್ತರ ಸುಮಾರು 27 ಮೀಟರ್. ಆ ಲೆಕ್ಕ ಹಿಡಿದರೆ ಒಂದೇ ಒಂದು ಯುನಿಟ್ ಕರೆಂಟಿಗೆ ಹತ್ತಿರ ಹತ್ತಿರ 15 ಸಾವಿರ ಲೀಟರ್ ನೀರು ಬೀಳಬೇಕು. ಅಂದರೆ ಐದು ಸಾವಿರ ಲೀಟರಿನ ಮೂರು ಟ್ಯಾಂಕರು! ಆದರೆ ಒಂದು ಸಮಾಧಾನ. ಮೊಸರು ಕಡೆದು ಬೆಣ್ಣೆ ತೆಗೆದರೂ ಮಜ್ಜಿಗೆ ಉಳಿಯುತ್ತದಲ್ಲ, ಹಾಗೆ ಕರೆಂಟು ಕೊಟ್ಟ ನೀರು ಹಾಗೇ ಉಳಿಯುತ್ತದೆ. ಅದು ಮುಂದೆ ನಾರಾಯಣಪುರದ ಬಸವಸಾಗರ ಸೇರಿ, ಎಡದಂಡೆ ಕಾಲುವೆ ಹಿಡಿದು ಸಿಂದಗಿ, ಇಂಡಿಯ ಹೊಲಗಳ ಕಡೆಗೂ ಬರುತ್ತದೆ. ತೊಡಕಿರುವುದು ಕಾಲದಲ್ಲಿ. ಮಳೆಗಾಲದಲ್ಲಿ ಯಂತ್ರಗಳದ್ದು ಭರಾಟೆ. ಬೇಸಿಗೆಯಲ್ಲಿ, ನಮ್ಮ ಮೋಟರುಗಳಿಗೆ ಕರೆಂಟು ಅತಿಯಾಗಿ ಬೇಕಾದಾಗಲೇ, ಹೊಳೆಗೆ ನೀರು ಬಿಡುವುದು ಕಡಿಮೆಯಾಗಿ ಅವು ಸುಮ್ಮನಾಗುತ್ತವೆ.

ಹಾಗಾದರೆ ಬೇಸಿಗೆಯ ಕರೆಂಟು ಎಲ್ಲಿಂದ? ಹೆಚ್ಚಿನ ಪಾಲು ಕಲ್ಲಿದ್ದಲು ಸುಟ್ಟು. ಹಳೆಯ ಬಸವನ ಬಾಗೇವಾಡಿ ತಾಲೂಕಿನ ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳ ಸ್ಥಾವರ 2017ರಿಂದ ಒಂದೊಂದಾಗಿ ಶುರುವಾಯಿತು. ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬಂದರೂ ನೀರು ಮಾತ್ರ ನಮ್ಮ ಆಲಮಟ್ಟಿಯದೇ. ಅಲ್ಲಿ ನೀರು ಕುದಿದು ಹಬೆಯಾಗಿ ಚಕ್ರ ತಿರುಗಿಸಬೇಕು, ಆ ಹಬೆಯನ್ನು ತಣಿಸಲು ಮತ್ತೆ ನೀರು ಬೇಕು. ಇಂಥ ಹೊಸ ಸ್ಥಾವರಗಳು ಒಂದು ಯುನಿಟ್ಟಿಗೆ 3 ಲೀಟರಿಗಿಂತ ಹೆಚ್ಚು ನೀರು ಬಳಸಬಾರದೆಂದು ಕೇಂದ್ರದ ನಿಯಮವಿದೆ. ಮೂರೇ ಲೀಟರ್ ಎಂದರೆ ಅಲ್ಪವೆನಿಸಬಹುದು. ಆದರೆ 2400 ಮೆಗಾವ್ಯಾಟೂ ಒಂದು ತಾಸು ಪೂರ್ತಿ ನಡೆದರೆ 24 ಲಕ್ಷ ಯುನಿಟ್; ಮಿತಿಯ ಲೆಕ್ಕದಲ್ಲೇ 72 ಲಕ್ಷ ಲೀಟರ್ ನೀರು. ಅದರಲ್ಲಿ ಬಹುಪಾಲು ಕುಕ್ಕರಿನ ಹಬೆಯಂತೆ ಆಕಾಶಕ್ಕೆ ಹೋಯಿತು, ಕಾಲುವೆಗೆ ಬರಲಿಲ್ಲ. ಈ ಸ್ಥಾವರ ಬೇಡವೆಂದು ಸುತ್ತಲಿನ ರೈತರು 2014ರಲ್ಲಿ ಬೀದಿಗಿಳಿದಿದ್ದನ್ನು ನಮ್ಮ ಕಡೆಯವರು ಮರೆತಿಲ್ಲ.

ಇನ್ನು ಏತ ನೀರಾವರಿ. ಮುಳವಾಡ, ಚಿಮ್ಮಲಗಿ ಯೋಜನೆಗಳಲ್ಲಿ ಆಲಮಟ್ಟಿಯ ಹಿನ್ನೀರನ್ನು ದೊಡ್ಡ ದೊಡ್ಡ ಪಂಪುಗಳಿಂದ ಎತ್ತಿ ಮೇಲಿನ ಭೂಮಿಗೆ ಕೊಡುತ್ತಾರೆ. ಎತ್ತುವುದಕ್ಕೆ ಕರೆಂಟು ಬೇಕು. ಎತ್ತಿದ ನೀರು ಅಣೆಕಟ್ಟಿನ ಚಕ್ರಕ್ಕೂ ತಪ್ಪಿತು. ಹಾಗಂತ ಬೇಡವೆನ್ನಬೇಕೇ? ಖಂಡಿತ ಇಲ್ಲ! ಆ ನೀರಿನಿಂದ ಕೆರೆ ತುಂಬಿದಲ್ಲಿ ಸುತ್ತಲಿನ ಬಾವಿ, ಬೋರುಗಳಲ್ಲಿ ನೀರು ಮೇಲೇರುತ್ತದೆ. ಆಗ ನೂರಾರು ಸಣ್ಣ ಮೋಟರುಗಳ ಕೆಲಸ ಹಗುರಾಗುತ್ತದೆ. ಒಂದು ಕಡೆ ಖರ್ಚಾದ ಕರೆಂಟಿನಲ್ಲಿ ಸ್ವಲ್ಪವಾದರೂ ಇನ್ನೊಂದು ಕಡೆ ಉಳಿಯಿತು.

ಎಷ್ಟು ಹಗುರಾಗುತ್ತದೆ ಎಂದು ಮಕ್ಕಳ ವಿಜ್ಞಾನ ಪುಸ್ತಕದ ಲೆಕ್ಕದಿಂದಲೇ ತಿಳಿಯಬಹುದು. ಅರ್ಧ ಶಕ್ತಿ ಮೋಟರು, ಪೈಪಿನಲ್ಲೇ ಕಳೆಯುತ್ತದೆಂದು ಹಿಡಿಯೋಣ. ಸಾವಿರ ಲೀಟರ್ ನೀರನ್ನು 100 ಅಡಿಯಿಂದ ಎತ್ತಲು ಒಂದು ಯುನಿಟ್ಟಿನ ಆರನೇ ಒಂದು ಪಾಲು ಸಾಕು. 600 ಅಡಿಗೆ ಇಳಿದರೆ ಅದೇ ನೀರಿಗೆ ಪೂರಾ ಒಂದು ಯುನಿಟ್. ನೀರು ಇಳಿದಷ್ಟೂ ಕರೆಂಟು ಏರಿತು, ನೋಡಿ.

ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದಾಗ ಎಷ್ಟು ಹೆಮ್ಮೆಪಟ್ಟೆವು! ಆದರೆ ಬೇಸಿಗೆಯಲ್ಲಿ ಆ ಗಿಡ ಉಳಿಸಿಕೊಳ್ಳಲು ಬೋರಿನ ಮೇಲೆ ಬೋರು ಕೊರೆಸಿ, ಅದೂ ಬತ್ತಿದರೆ ಟ್ಯಾಂಕರು ತರಿಸುವ ಪಾಡು ತೋಟದ ಮನೆಯ ಹೆಣ್ಣುಮಕ್ಕಳನ್ನು ಕೇಳಬೇಕು. 10 ಎಚ್.ಪಿ.ವರೆಗಿನ ಪಂಪಿಗೆ 2008ರಿಂದ ಕರೆಂಟು ಪುಕ್ಕಟೆ. ರೈತನ ಹೊರೆ ಇಳಿಯಿತು, ಅದು ಒಳ್ಳೆಯದೇ. ಆದರೆ "ಪುಕ್ಕಟ ಐತಲ್ಲ, ನಡೀಲಿ ಬಿಡು" ಎಂದು ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ? ನಡುರಾತ್ರಿ ತ್ರೀ ಫೇಸ್ ಬಂದೊಡನೆ ಎಲ್ಲರ ಮೋಟರು ಒಮ್ಮೆಲೇ ಹೊಡೆದುಕೊಂಡು ಟಿಸಿ ಸುಡುತ್ತದೆ. ಮತ್ತೆ ಅದು ರಿಪೇರಿಯಾಗುವ ತನಕ ನೀರಿಲ್ಲ. ಬಿಲ್ಲು ಬರಲಿಲ್ಲವೆಂದ ಮಾತ್ರಕ್ಕೆ ಬೆಲೆ ತೆರಲಿಲ್ಲವೆಂದಲ್ಲ. ಹೊಲದ ಬೋರು ಆಳಕ್ಕೆ ಹೋದಂತೆ ಊರಿನ ಕುಡಿಯುವ ನೀರಿನ ಬೋರು ಬತ್ತುತ್ತದೆ, ಕೊಡ ಹೊತ್ತು ಅಲೆಯುವವರು ನಾವು. ಸೋಲಾರ್ ಪಂಪು ಬಂದರೆ ರಾತ್ರಿ ಹಾವು-ಚೇಳಿನ ನಡುವೆ ಹೊಲಕ್ಕೆ ಹೋಗುವುದು ತಪ್ಪುತ್ತದೆ, ಅಷ್ಟರಮಟ್ಟಿಗೆ ಬಹಳ ಒಳ್ಳೆಯದು. ಆದರೆ ಬಿಸಿಲಿಗೂ ಬಿಲ್ಲಿಲ್ಲ. ಹನಿ ನೀರಾವರಿ ಇಲ್ಲದೆ ದಿನವಿಡೀ ಅದನ್ನು ಓಡಿಸಿದರೆ ಬೋರು ಮತ್ತಷ್ಟು ಬೇಗ ಬತ್ತೀತೆಂಬುದು ನನ್ನ ಅಂಜಿಕೆ.

ಮನೆಯೊಳಗಿನದೂ ಇದೇ ಕಥೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮೀಟರಿನ ಕಡೆ ನೋಡುವವರು ಕಡಿಮೆ. 15 ಲೀಟರಿನ ಒಂದು ಬಕೆಟ್ಟು ನೀರನ್ನು ಸ್ನಾನಕ್ಕಾಗುವಷ್ಟು ಬಿಸಿ ಮಾಡಲು ಹತ್ತಿರ ಹತ್ತಿರ ಅರ್ಧ ಯುನಿಟ್ ಬೇಕು. ಅಷ್ಟು ಕರೆಂಟಿನಲ್ಲಿ 600 ಅಡಿಯಿಂದ 500 ಲೀಟರ್ ತಣ್ಣೀರು ಮೇಲೆ ಬರುತ್ತದೆ! ಆದ್ದರಿಂದ ಟಾಕಿ ತುಂಬಿ ಹರಿಯುವಾಗ ಓಡಿಹೋಗಿ ಮೋಟರು ಬಂದ್ ಮಾಡುವ ನಾವು ಕಾಯಿಲ್ ಹಾಕಿದ ಬಕೆಟ್ಟಿನ ಕಡೆಗೆ ಇನ್ನೂ ಹೆಚ್ಚು ಲಕ್ಷ್ಯ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೇನು ಬರ? ಅನುಕೂಲವಿದ್ದವರು ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಕೂಡಿಸಲಿ. ಇಲ್ಲದವರು ಕರಿ ಬಳಿದ ಹಂಡೆ ತುಂಬಿ, ಮುಚ್ಚಿ ಬಿಸಿಲಿಗಿಟ್ಟರೂ ಸಂಜೆಗೆ ಭಾಂಡೆ ತಿಕ್ಕುವಷ್ಟು ಬಿಸಿಯಾಗುತ್ತದೆ. ಶುದ್ಧ ನೀರಿನ ಯಂತ್ರ ಹೊರಗೆ ಬಿಡುವ ನೀರನ್ನು ಗಟಾರಿಗೆ ಬಿಡದೆ ಬಕೆಟ್ಟಿನಲ್ಲಿ ಹಿಡಿದರೆ ನೆಲ ಒರೆಸಲು ಆಯಿತು. ಗಿಡಕ್ಕೆ ಮಾತ್ರ ಬೇಡ, ಅದರಲ್ಲಿ ಉಪ್ಪು ಹೆಚ್ಚು.

ನಮ್ಮ ಕಡೆಯ ಬೋರಿನ ನೀರು ಗಡಸು. ಕಾಯಿಲಿನ ಮೇಲೆ ಬೆಳ್ಳಗೆ ಸುಣ್ಣ ಕಟ್ಟಿದರೆ ನೀರು ಕಾಯುವುದು ತಡ, ಕರೆಂಟು ವ್ಯರ್ಥ. ಪ್ಲಗ್ ತೆಗೆದು, ಕಾಯಿಲ್ ಪೂರ್ತಿ ಆರಿದ ಮೇಲೆ, ಸುಣ್ಣ ಕಟ್ಟಿದ ಭಾಗವಷ್ಟೇ ಮುಳುಗುವಂತೆ ಬಿಸಿನೀರಿನಲ್ಲಿಟ್ಟು ನಾಲ್ಕೈದು ಲಿಂಬೆ ಹಿಂಡಿ. ಪಾತ್ರೆ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಇರಲಿ, ಅಲ್ಯುಮಿನಿಯಂ ಬೇಡ. ಒಂದೆರಡು ತಾಸು ಬಿಟ್ಟು ಹಳೆಯ ಬ್ರಶ್ಶಿನಿಂದ ತಿಕ್ಕಿದರೆ ಸುಣ್ಣ ಉದುರುತ್ತದೆ. ಚೆನ್ನಾಗಿ ತೊಳೆದು, ಒಣಗಿಸಿಯೇ ಮತ್ತೆ ಬಳಸಿ. ಲಿಂಬೆ ತುಟ್ಟಿಯಿದ್ದಾಗ ಹಿಂಡಿದ ಸಿಪ್ಪೆಗಳನ್ನು ಕೂಡಿಟ್ಟು ಕುದಿಸಿದ ನೀರೂ ನಡೆಯುತ್ತದೆ, ಸ್ವಲ್ಪ ಹೆಚ್ಚು ಹೊತ್ತು ನೆನೆಸಬೇಕು ಅಷ್ಟೆ.