ಮುಟ್ಟು ತಪ್ಪಿದಾಗ ಡಾಕ್ಟರಿಗೆ ಹೇಳದೆ ಉಳಿಯುವ ಮಾತು

"ಎರಡು ತಿಂಗ್ಳಿಂದ ಮುಟ್ಟಾಗಿಲ್ಲ ಕಣಕ್ಕಾ. ವಿಶೇಷನೂ ಇಲ್ಲ, ಟೆಸ್ಟ್ ಮಾಡ್ಕೊಂಡೆ."

ಹೆಗ್ಗಡದೇವನಕೋಟೆಯ ತವರಿಗೆ ಹೋದಾಗ ನಮ್ಮ ಬೀದಿಯ ಸೊಸೆಯೊಬ್ಬಳು ಹೀಗೆಂದಳು. ವಯಸ್ಸು 22. ನೈಟಿಯ ತೋಳು ಸರಿದಾಗ ಹಳದಿಗಟ್ಟಿದ ಬಾಸುಂಡೆ ಕಂಡಿತು. ಇದನ್ನು ಡಾಕ್ಟರಿಗೆ ಹೇಳಿದೆಯಾ ಎಂದೆ. "ಮುಟ್ಟಿಗೂ ಇದ್ಕೂ ಏನ್ ಸಂಬಂಧ?" ಎಂದಳು.

ಸಂಬಂಧವಿದೆ. ಮುಟ್ಟಿನ ಸೂಚನೆ ಹೊರಡುವುದೇ ಮೆದುಳಿನಿಂದ. ಸದಾ ಹೆದರಿಕೊಂಡು, ಸರಿಯಾಗಿ ಉಣ್ಣದೆ, ನಿದ್ದೆಯಿಲ್ಲದೆ ಬದುಕುವವಳಲ್ಲಿ ಒತ್ತಡದ ಹಾರ್ಮೋನುಗಳು ಆ ಸೂಚನೆಗೆ ಅಡ್ಡ ಬರುತ್ತವೆ. ಮುಟ್ಟು ಮುಂದೆ ಹೋಗುತ್ತದೆ, ಕೆಲವರಿಗೆ ನಿಂತೇ ಬಿಡುತ್ತದೆ. (ಥೈರಾಯ್ಡ್, ಪಿಸಿಓಡಿಯಿಂದಲೂ ಹೀಗಾಗಬಹುದು, ಪರೀಕ್ಷೆ ಬೇಕೇ ಬೇಕು.) ಬಲವಂತದ ಕೂಡುವಿಕೆಯಿಂದ ಸೋಂಕು, ಕಿಬ್ಬೊಟ್ಟೆ ನೋವು ಬರಬಹುದು. ಬಸುರಿಯ ಹೊಟ್ಟೆಗೆ ಪೆಟ್ಟು ಬಿದ್ದರೆ ಮಾಸು ಹೆರಿಗೆಗೆ ಮೊದಲೇ ಕಳಚಿಕೊಂಡು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಗಂಡನಿಂದ ಹಿಂಸೆ ಅನುಭವಿಸಿದವರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಶೇ. 16ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ.

ಇದೆಲ್ಲ ಹಳ್ಳಿ ಕಡೆಯ ಪಾಡು ಅಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು.

"ಅತ್ತೆ ಒಳಗೇ ಬಂದು ಕೂತ್ಕೋತಾರೆ. ಡಾಕ್ಟ್ರು ಕೇಳಿದ್ರೆ ಅವ್ರೇ ಉತ್ತರ ಹೇಳ್ತಾರೆ. ನಾನೇನ್ ಹೇಳ್ಲಿ?" ಎಂದಳು ಹುಡುಗಿ. ಕಗ್ಗಂಟು ಇರುವುದೇ ಇಲ್ಲಿ. ಮೂತ್ರ ಪರೀಕ್ಷೆಗೋ ತೂಕ ನೋಡುವುದಕ್ಕೋ ಎದ್ದಾಗ ನರ್ಸ್ ಹತ್ತಿರ "ಒಬ್ಬಳೇ ಮಾತಾಡಬೇಕು" ಅಂದರೆ ಸಾಕು. ಗಂಡ ಕಾಂಡೋಮ್‌ಗೆ ಒಪ್ಪದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಉಚಿತ 'ಅಂತರಾ' ಚುಚ್ಚುಮದ್ದಿನ ಬಗ್ಗೆ ಕೇಳಬಹುದು. ಅದರಿಂದ ಮುಟ್ಟು ಏರುಪೇರಾಗುವುದೂ ಉಂಟು, ಹಾಗಾಗಿ ಮೊದಲು ಮುಟ್ಟು ನಿಂತ ಕಾರಣ ತಿಳಿಯಲಿ. ಇನ್ನೊಂದು ವಿಷಯ ಅನೇಕರಿಗೆ ಗೊತ್ತೇ ಇಲ್ಲ: 18 ದಾಟಿದವಳ ಗರ್ಭಪಾತಕ್ಕೆ ಕಾನೂನಿನಲ್ಲಿ ಅವಳ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಗಂಡನ ಬಲವಂತದಿಂದ ನಿಂತ ಗರ್ಭವನ್ನೂ ಈ ಕಾನೂನಿನ ಮಟ್ಟಿಗೆ ಅತ್ಯಾಚಾರದಿಂದ ಆದದ್ದೆಂದೇ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು.

ಹೊಡೆತ ನಿಲ್ಲದಿದ್ದರೆ 181ಕ್ಕೆ ಫೋನ್ ಮಾಡಬಹುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ದೂರು ಕೊಡಲು ತಾಲ್ಲೂಕಿನ ಸಿಡಿಪಿಓ ಕಚೇರಿ ಇದೆ.

ಮುಂದಿನ ಸಲ ಅವಳ ಜೊತೆ ನಾನೇ ಹೋಗುವುದೆಂದಾಯಿತು. ಅತ್ತೆಯನ್ನು ಹೊರಗಿನ ಬೆಂಚಿನಲ್ಲಿ ಮಾತಿಗೆಳೆದು ಕೂರಿಸುವ ಕೆಲಸ ನಮ್ಮಮ್ಮನದು.